ಅಳೆಣ್ಣೆ

ಅಥವಾ ಅವನು ಹಾಗೆ ಅನ್ನಲೇ ಇಲ್ಲವೇನೋ. ಅವನ ಬಾಯಿಂದ ಬಂದದ್ದು ಒಂದು, ನನ್ನ ಕಿವಿಗೆ ಬಿದ್ದದ್ದು ಇನ್ನೊಂದು, ಈಗ ಬರೆಯಲು ಕೂತಾಗ ಕೈಗೆ ಬರುತ್ತಿರುವುದು ಮತ್ತೊಂದು ಇರಬಹುದು. ನಾನು ನಡುಮನೆಯಲ್ಲಿದ್ದೆ, ಅಷ್ಟು ಖಾತ್ರಿ. ಅಣ್ಣ ಅಂಗಳದಲ್ಲಿ ಗೋಣಿಚೀಲದ ಮೇಲೆ ಬಂದೂಕು ಬಿಚ್ಚಿಟ್ಟುಕೊಂಡು ಕೂತಿದ್ದ, ಅದೂ ಖಾತ್ರಿ. ಅವ್ವ ಹೊಲಿಗೆ ಮಿಷನ್ನಿನ ಮುಂದಿದ್ದಳು ಎಂದು ಬರೆದು ಹೊಡೆದುಹಾಕಿದ್ದೇನೆ, ಒಲೆಯ ಮುಂದಿದ್ದಳೇನೋ. ಅಣ್ಣ ಕೂತಲ್ಲಿಂದಲೇ ಕೂಗಿದ:

“ಅವ್ವೋ, ಅಳೆಣ್ಣೆ ಕೊಡು.”

ಅವ್ವ ಕಿಟಕಿಯಿಂದ ಒಂದು ಸೀಸೆ ತೆಗೆದು ಕೊಟ್ಟಳು. ಅದು ಹರಳೆಣ್ಣೆಯ ಸೀಸೆ. ಅದಾಗಿ ಒಂದೆರಡು ದಿನಕ್ಕೆ, ಬೆಳಗಿನ ಜಾವ, ಕಬ್ಬಿನ ಗದ್ದೆಗೆ ಬಂದ ಆನೆಯ ಮುಂದೆ ಆ ಬಂದೂಕು ಹಾರಲಿಲ್ಲ. ಅಣ್ಣ ಮನೆಗೆ ನಡೆದುಕೊಂಡು ಬರಲಿಲ್ಲ.

ನಮ್ಮ ಸೀಮೆಯವರಲ್ಲದವರಿಗೆ ಒಂದಿಷ್ಟು ಬಿಡಿಸಿ ಹೇಳಬೇಕು. ನಮ್ಮ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹಳ್ಳಿ ಅಳ್ಳಿ, ಹೊಸದು ಒಸದು. ಹಳೇ ಎಣ್ಣೆ ಅಳೆಣ್ಣೆ ಆಗುತ್ತದೆ. ಹರಳೆಣ್ಣೆ ಅಳ್ಳೆಣ್ಣೆ ಆಗುತ್ತದೆ. ಎರಡರ ನಡುವೆ ಉಳಿಯುವುದು ಒಂದು ಳಕಾರದ ಒತ್ತು. ಎದುರುಬದುರು ಕೂತು ಮಾತಾಡಿದರೆ ಯಾರಿಗೂ ಗೊಂದಲವಿಲ್ಲ. ಅಂಗಳದಿಂದ ಕೂಗಿದಾಗ, ಪಕ್ಕದಲ್ಲಿ ಹಿಟ್ಟಿನ ಗಿರಣಿ ಓಡುತ್ತಿದ್ದಾಗ, ಆ ಒತ್ತು ಬಿತ್ತೋ ಇಲ್ಲವೋ ಎಂದು ಹೇಳುವವರು ಯಾರು? ಗಿರಣಿ ಓಡುತ್ತಿತ್ತೇ? ಆ ಹೊತ್ತಿನಲ್ಲಿ ಕರೆಂಟು ಇತ್ತೇ? ನನಗೆ ಗಿರಣಿಯ ಸದ್ದು ನೆನಪಿದೆ. ಆದರೆ ಅದು ಪ್ರತಿದಿನದ ಸದ್ದು. ಆ ದಿನದ್ದೇ ಎಂದು ಹೇಗೆ ಹೇಳಲಿ?

ಕಿಟಕಿಯಲ್ಲಿ ಮೂರು ಸೀಸೆ ಇರುತ್ತಿದ್ದವು. ಒಂದರಲ್ಲಿ ಅವ್ವ ತಲೆಗೂ ಪಾದದ ಬಿರುಕಿಗೂ ಹಚ್ಚುವ ಹರಳೆಣ್ಣೆ. ಒಂದರಲ್ಲಿ ಹಿಂದಿನ ವರ್ಷ ತಂದು ಅರ್ಧ ಉಳಿದಿದ್ದ ಮಿಷನ್ ಎಣ್ಣೆ. ಇನ್ನೊಂದರಲ್ಲಿ ಮದ್ದೂರಿನಿಂದ ಹೊಸದಾಗಿ ತಂದ ಮಿಷನ್ ಎಣ್ಣೆ. ಹೊಸದು ಅಣ್ಣನಿಗೆ ಹಿಡಿಸಿರಲಿಲ್ಲ. ಬಿಡಿ ಎಣ್ಣೆ, ಏನು ಬೆರೆಸಿದ್ದಾರೋ ಎಂದು ಗೊಣಗುತ್ತಿದ್ದ. ಹಾಗಿದ್ದ ಮೇಲೆ ಹಳೆಯದನ್ನೇ ಕೇಳಿರಬೇಕು. “ಒಸದು ಬ್ಯಾಡ, ಅಳೆಣ್ಣೆ ಕೊಡು” ಎಂದ ಹಾಗೇ ನನಗೀಗ ಕೇಳಿಸುತ್ತದೆ. ಆದರೆ ಈ ‘ಒಸದು ಬ್ಯಾಡ’ ಮೊದಲು ಇರಲಿಲ್ಲ. ತಿಥಿ ಕಳೆದ ಮೇಲೆ ಯಾವಾಗಲೋ ಬಂದು ಸೇರಿಕೊಂಡಿತು. ನೆನಪು ನಮಗೆ ಬೇಕಾದದ್ದನ್ನು ಹೊಲಿದುಕೊಳ್ಳುತ್ತದೆ ಅನ್ನುತ್ತಾರೆ. ನನ್ನದು ಬೇಡದ್ದನ್ನೇ ತಂದು ಹೊಲಿಯುತ್ತದೆ. ಯಾಕೆಂದರೆ ಆ ಎರಡು ಪದ ನಿಜವಾಗಿದ್ದರೆ ತಪ್ಪು ಕೇಳಿಸಿಕೊಂಡವಳು ಅವ್ವ. ಅವನು ನಿಜವಾಗಿ ಹರಳೆಣ್ಣೆಯನ್ನೇ ಕೇಳಿದ್ದರೆ, ಮಗ ಕೇಳಿದ್ದನ್ನು ಅವ್ವ ಕೊಟ್ಟಳು, ಅಷ್ಟೇ.

ಅವ್ವನಿಗೆ ಬೇಕಾಗಿರುವುದು ಇದೊಂದೇ. ಅವನು ಏನು ಕೇಳಿದ?

ಬಂದೂಕು ತಾತನ ಕಾಲದ್ದು. ಒಂಟಿ ನಳಿಗೆ, ನಡುವೆ ಮುರಿದು ತೋಟಾ ಹಾಕುವಂಥದ್ದು. ಬೆಳೆ ಕಾಯಲೆಂದು ಕೊಟ್ಟ ಲೈಸೆನ್ಸು, ತಾತನಿಂದ ಅಪ್ಪನಿಗೆ, ಅಪ್ಪ ಹೋದ ಮೇಲೆ ಅಣ್ಣನಿಗೆ ಬಂತು. ಅದು ಯಾವ ಜೀವವನ್ನೂ ತೆಗೆದಿಲ್ಲ ಎಂದು ಮನೆಯಲ್ಲಿ ಹೇಳುತ್ತಿದ್ದರು, ನಿಜವೋ ಸುಳ್ಳೋ. ಹಂದಿ ನುಗ್ಗಿದರೆ, ಶಿಂಷಾ ಹೊಳೆಯ ಸಾಲು ಹಿಡಿದು ಆನೆ ಬಂದರೆ, ಆಕಾಶಕ್ಕೆ ಒಂದು ಗುಂಡು. ಸದ್ದಿಗೆ ಅವು ತಿರುಗಿ ಹೋಗುತ್ತಿದ್ದವು. ಆ ಬಂದೂಕಿನ ಕೆಲಸ ಸದ್ದು ಮಾಡುವುದು ಮಾತ್ರ.

ತಾತ ಅದಕ್ಕೆ ಹಚ್ಚುತ್ತಿದ್ದುದು ಹರಳೆಣ್ಣೆ. ಗಾಡಿಯ ಕೀಲಿಗೆ ಯಾವುದೋ ಬಂದೂಕಿಗೂ ಅದೇ. ಅಪ್ಪನದು ಕೊಬ್ಬರಿ ಎಣ್ಣೆ. ಚಳಿಗಾಲದಲ್ಲಿ ಅದು ಹೆಪ್ಪುಗಟ್ಟಿ ಕುದುರೆ ಕಚ್ಚಿಕೊಳ್ಳುತ್ತಿತ್ತು. ಕುದುರೆ ಅಂದರೆ ಹೆಬ್ಬೆರಳಿನಿಂದ ಹಿಂದಕ್ಕೆಳೆಯುವ ಕೊಕ್ಕೆ. ಟ್ರಿಗರ್ ಒತ್ತಿದಾಗ ಅದು ಮುಂದಕ್ಕೆ ಬಡಿದರೆ ತೋಟಾ ಸಿಡಿಯುತ್ತದೆ. ಅಪ್ಪ ತೋಟಾ ತೆಗೆದಿಟ್ಟು, ಬಂದೂಕನ್ನು ಮಗುವಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡು, ನೀರೊಲೆಯ ಮುಂದೆ ಕುದುರೆಗೆ ಕಾವು ಕೊಡುತ್ತಿದ್ದುದು ನನಗೆ ನೆನಪಿದೆ. “ಆನೆಗೆ ಒಸಿ ತಡ್ಕೊ ಅಂತ ಏಳ್ಬುಟ್ ಬತ್ತೀರಾ?” ಎಂದು ಅವ್ವ ಕೇಳುತ್ತಿದ್ದಳು.

ಅಣ್ಣ ಇದನ್ನೆಲ್ಲ ಬದಲಾಯಿಸಿದ. ಅವನು ಓದಿದ್ದು ಪಿಯುಸಿ, ಆದರೆ ಎಣ್ಣೆಯ ವಿಷಯದಲ್ಲಿ ಮೇಷ್ಟರ ಹಾಗೆ ಆಡುತ್ತಿದ್ದ. ನಾನು ಮಂಡ್ಯದಿಂದ ರಜಕ್ಕೆ ಬಂದಾಗಲೆಲ್ಲ ಕೂರಿಸಿಕೊಂಡು ಪಾಠ ಹೇಳುತ್ತಿದ್ದ.

“ತೊಳಿಯಕ್ಕೊಂದು, ಓಡಾಡಕ್ಕೊಂದು, ಮಲಗಕ್ಕೊಂದು ಕಣಮ್ಮಿ. ಮೂರಕ್ಕೂ ಒಂದೇ ಎಣ್ಣೆ ಅಂದೋರು ಬಂದೂಕ ಕಂಡಿಲ್ಲ.”

ತೊಳೆಯುವುದಕ್ಕೆ ಮೊದಲು ಸೀಮೆಎಣ್ಣೆ. ಅದು ಸಿಗುವುದು ನಿಂತ ಮೇಲೆ ಡೀಸೆಲ್. ಕೊಳೆಯನ್ನೂ ಹಳೇ ಜಿಡ್ಡನ್ನೂ ಅದು ಬಿಡಿಸುತ್ತದೆ, ಆದರೆ ಕಬ್ಬಿಣವನ್ನು ಬತ್ತಲೆ ಬಿಡುತ್ತದೆ, ಆಮೇಲೆ ಒಣಬಟ್ಟೆಯಲ್ಲಿ ಒರೆಸಲೇಬೇಕು. ಓಡಾಡುವುದಕ್ಕೆ, ಅಂದರೆ ಕುದುರೆಗೆ, ಕೀಲಿಗೆ, ಟ್ರಿಗರಿಗೆ, ಮಿಷನ್ ಎಣ್ಣೆ. ಅದೂ ಅವ್ವನ ಸೂಜಿಯ ತುದಿಯಲ್ಲಿ ನಿಲ್ಲುವಷ್ಟು. ಹೆಚ್ಚಾದರೆ ಹರಿದು ಹೋಗಿ ತೋಟಾದ ಹಿಂಬದಿಗೆ ತಗಲುತ್ತದೆ, ಎಣ್ಣೆ ಕುಡಿದ ತೋಟಾ ಟುಸ್ ಅನ್ನುತ್ತದೆ. ಮಲಗುವುದಕ್ಕೆ, ತಿಂಗಳುಗಟ್ಟಲೆ ಮುಟ್ಟದೆ ಇಡುವಾಗ, ಮಂದನೆಯ ಎಣ್ಣೆ. ನಳಿಗೆಯ ಹೊರಮೈಗೆ ಅದು ಅಂಟಿಕೊಂಡು ತುಕ್ಕು ತಡೆಯುತ್ತದೆ. ಇದಕ್ಕೆ ಅವನು ಗ್ರೀಸ್ ಬಳಸುತ್ತಿದ್ದ, ಇಲ್ಲದಿದ್ದಾಗ ಹರಳೆಣ್ಣೆ. “ಎದ್ಮೇಲೆ ಒರ್ಸಿ ತಗೀಬೇಕು. ಇಲ್ದಿದ್ರೆ ನಿದ್ದೆಗಣ್ಣಲ್ಲೇ ಇರ್ತದೆ.”

ಈ ಕೊನೆಯ ಮಾತನ್ನೇ ನಾನು ಹಿಡಿದುಕೊಂಡಿದ್ದೇನೆ. ಹರಳೆಣ್ಣೆಗೂ ಅವನ ಲೆಕ್ಕದಲ್ಲಿ ಒಂದು ಜಾಗವಿತ್ತು. ಹೊರಮೈಗೆ ಎಂದು ಅವನು ಅದನ್ನೇ ಕೇಳಿರಬಹುದು.

ಪಕ್ಕದ ಗದ್ದೆಯವನು ಅಣ್ಣನ ಓರಗೆಯವನು. ಸಂಜೆ ಬಂದು ಜಗಲಿಯ ಮೇಲೆ ಕೂತು ಕಾಡಿಸುತ್ತಿದ್ದ.

“ಬಂದೂಕಕ್ಕೆ ಮೂರ್ ತರ ಎಣ್ಣೆ, ನಿನ್ ತಲೆಗೆ ಒಂದೂ ಇಲ್ವಲ್ಲೋ. ಅದ್ಕೇ ಎಣ್ಣು ಕೊಡಕ್ಕೆ ಯಾರೂ ಬರ್ನಿಲ್ಲ.”

“ತಲೆ ನೋಡಿ ವಾಪಸ್ ಓದೋರಲ್ಲ ಕಣ್ಲಾ, ಗದ್ದೆ ನೋಡಿ ಓದೋರು.”

“ಬುಡ್ಲಾ, ಇವತ್ತು ಎಣ್ಣೆ ಆಕನಾ?”

“ಆಕನಂತೆ ಬಾ, ನಳಿಗೆ ಇಡ್ಕೊ.”

ಅಣ್ಣ ಕುಡಿಯುತ್ತಿರಲಿಲ್ಲ. ಮದುವೆಯೂ ಆಗಿರಲಿಲ್ಲ. ಕೆರಗೋಡಿನ ಕಡೆಯಿಂದ ಒಂದು ಸಂಬಂಧ ಬಂದು, ಹುಡುಗ ಬೇಸಾಯ ಮಾಡುತ್ತಾನೆ ಎಂದು ಗೊತ್ತಾಗಿ ಅಲ್ಲೇ ನಿಂತಿತ್ತು. ಮನೆಯಲ್ಲಿ ಅವನು, ಅವ್ವ, ಅವ್ವನ ಹೊಲಿಗೆ ಮಿಷನ್. ಮಿಷನ್ನಿಗೂ ಬಂದೂಕಿಗೂ ಎಣ್ಣೆ ಬಿಡುತ್ತಿದ್ದವನು ಅವನೇ, ಅದೇ ಸೀಸೆಯಿಂದ.

ಚುನಾವಣೆ ಬಂದಾಗ ಲೈಸೆನ್ಸಿನ ಬಂದೂಕುಗಳನ್ನೆಲ್ಲ ಸ್ಟೇಷನ್ನಿಗೆ ಕೊಡಬೇಕು. ಅಣ್ಣನೂ ಮಂದನೆಯದನ್ನು ಹಚ್ಚಿ, ಹಳೇ ಪಂಚೆಯಲ್ಲಿ ಸುತ್ತಿ, ಕೊಟ್ಟುಬಂದ. ಎಲ್ಲ ಮುಗಿದು ವಾಪಸು ತರುವ ಹೊತ್ತಿಗೆ ಮಳೆ ಶುರುವಾಗಿತ್ತು. ಹಚ್ಚಿದ್ದೆಲ್ಲ ಪಂಚೆಗೆ ಹೀರಿಕೊಂಡು, ನಳಿಗೆಯ ಬಾಯಲ್ಲಿ ಕೆಂಪಗೆ ತುಕ್ಕು ಕೂತಿತ್ತು. ಅಣ್ಣ ಅದನ್ನು ನೋಡಿ ಊಟ ಮಾಡದೆ ಕೂತ ಎಂದು ಅವ್ವ ಹೇಳುತ್ತಾಳೆ. ನಾನು ಬಂದದ್ದು ಮಾರನೆಯ ದಿನ. ಆ ಮಧ್ಯಾಹ್ನ ಅವನು ಡೀಸೆಲ್ಲಿನಲ್ಲಿ ಬಟ್ಟೆ ಅದ್ದಿ, ಸರಳಿಗೆ ಸುತ್ತಿ, ನಳಿಗೆಯೊಳಗೆ ಆಡಿಸುತ್ತಿದ್ದ. ಕೈಯೆಲ್ಲ ಕಪ್ಪು. ಆಗಲೇ ಅವನು ಕೂಗಿದ್ದು.

ಎಲ್ಲ ಮುಗಿದ ಮೇಲೊಂದು ದಿನ ಅವ್ವನನ್ನು ನಾನು ಕೇಳಿದ್ದೆ: “ಕೈಗೆ ಬಿದ್ದ ತಕ್ಷಣ ಅವನಿಗೆ ಗೊತ್ತಾಗ್ತಿರ್ಲಿಲ್ವಾ? ಹರಳೆಣ್ಣೆ ಎಷ್ಟು ಮಂದ, ಎಂಥಾ ವಾಸನೆ.”

“ಅವುನ್ಗೆ ಮೂಗೆಲ್ಲಿತ್ತವ್ವಾ? ಆ ಜ್ವರ ಬಂದ್ ಓದ್ಮೇಲೆ ಬಸ್ಸಾರ್ ವಾಸ್ನೇನೂ ಗೊತ್ತಾಯ್ತಿರ್ನಿಲ್ಲ. ಉಪ್ ಆಕಿದ್ದೀಯಾ ಅಂತ ಕೇಳ್ಕೊಂಡ್ ಉಣ್ಣೋನು.”

ಎಲ್ಲರನ್ನೂ ಮುಖ ಮುಚ್ಚಿಕೊಂಡು ಓಡಾಡಿಸಿದ ಆ ಜ್ವರದಲ್ಲಿ ಅಣ್ಣನ ಮೂಗು ಹೋದದ್ದು ಪೂರ್ತಿಯಾಗಿ ವಾಪಸು ಬಂದಿರಲಿಲ್ಲ. ಇದು ನನಗೆ ಗೊತ್ತಿತ್ತು. ಮರೆತಿದ್ದೆ. ಅಥವಾ ಸಮಾಧಾನ ಹೇಳುವ ಆತುರದಲ್ಲಿ ಬದಿಗೆ ಸರಿಸಿದ್ದೆ. ಆದರೂ ಬೆರಳಿಗೆ ಮಂದ ಗೊತ್ತಾಗುವುದಿಲ್ಲವೇ? ಡೀಸೆಲ್ಲಿನಲ್ಲಿ ನೆನೆದ ಬೆರಳಿಗೆ? ಸೀಸೆಯಿಂದ ನೇರ ಕೀಲಿಗೆ ಬಿಟ್ಟಿದ್ದರೆ? ನಾನು ನಡುಮನೆಯ ಬಾಗಿಲಿಗೆ ಬಂದು ನೋಡಿದ್ದೆ ಅನ್ನಿಸುತ್ತದೆ. ಅವನು ಬಗ್ಗಿಕೊಂಡು ಏನೋ ಮಾಡುತ್ತಿದ್ದ. ಬೆನ್ನು ಕಾಣುತ್ತದೆ, ಬನಿಯನ್ನಿನ ತೂತು ಕಾಣುತ್ತದೆ, ಕೈ ಕಾಣುವುದಿಲ್ಲ. ಎಷ್ಟು ಸಲ ಆ ಬಾಗಿಲಿಗೆ ಹೋಗಿ ನಿಂತರೂ ಬೆನ್ನೇ.

ಆ ಬೆಳಗ್ಗೆಯ ಬಗ್ಗೆ ನಾನು ಹೇಳುವುದೆಲ್ಲ ಬೇರೆಯವರು ಹೇಳಿದ್ದು. ಡೈರಿಗೆ ಹಾಲು ಹಾಕಲು ಜನ ಏಳುವ ಹೊತ್ತು. ಕಬ್ಬು ಮುರಿಯುವ ಸದ್ದು ಕೇಳಿ ಪಕ್ಕದ ಗದ್ದೆಯವನು ಪಟಾಕಿ ತಂದ, ಅಣ್ಣ ಬಂದೂಕು ತಂದ. ಪಟಾಕಿ ನೆನೆದಿತ್ತು. ಅಣ್ಣ ಬದುವಿನ ಮೇಲೆ ನಿಂತು ನಳಿಗೆಯನ್ನು ಮೇಲಕ್ಕೆ ಹಿಡಿದ. ಸದ್ದಿಗೆ ಆನೆ ತಿರುಗುತ್ತದೆ ಎಂಬ ಧೈರ್ಯದಲ್ಲಿ ಅವನು ಯಾವಾಗಲೂ ನಿಲ್ಲುವುದಕ್ಕಿಂತ ಹತ್ತಿರ ನಿಂತಿದ್ದ ಎಂದು ಆ ಗೆಳೆಯ ಹೇಳಿದ. ಸದ್ದು ಬರಲಿಲ್ಲ.

ಮಣ್ಣು ಮಾಡಿದ ದಿನ ಅವನು ಹೇಳಿದ್ದು: “ಟಕ್ ಅಂತು, ಅಷ್ಟೇಯ. ನಾನೇ ಕಿವಿಯಾರೆ ಕೇಳ್ದೆ.” ಟಕ್ ಅಂದಿದ್ದರೆ ಕುದುರೆ ಬಡಿದಿತ್ತು, ಕೆಟ್ಟದ್ದು ತೋಟಾ. ಅವ್ವ ಆ ಮಾತನ್ನು ಎರಡು ಮೂರು ಸಲ ಹೇಳಿಸಿಕೊಂಡಳು. ಹಾಲುತುಪ್ಪದ ದಿನ ಮತ್ತೆ ಕೇಳಿದಾಗ ಅವನು ತಲೆ ತಗ್ಗಿಸಿ, “ಏನೂ ಕೇಳ್ನಿಲ್ಲ ಕಣತ್ತೆ. ಕಬ್ಬಿನ್ ಸದ್ದೊಳ್ಗೆ ಏನ್ ಕೇಳದು?” ಅಂದ. ಸುಳ್ಳು ಹೇಳುವವನಲ್ಲ ಅವನು. ಎರಡು ದಿನವೂ ನಿಜವನ್ನೇ ಹೇಳಿದ ಎಂದು ನನಗೆ ಅನ್ನಿಸುತ್ತದೆ.

ಅಂದಿನಿಂದ ಅವ್ವ ತಲೆಗೆ ಎಣ್ಣೆ ಮುಟ್ಟಿಸಿಲ್ಲ. ಕೂದಲು ತೆಂಗಿನ ಕತ್ತದ ನಾರಿನ ಹಾಗೆ ಆಗಿದೆ. ಮಿಷನ್ನಿಗೂ ಎಣ್ಣೆ ಬಿಡುವುದಿಲ್ಲ. ಊರ ಹೆಂಗಸರ ರವಿಕೆಗಳನ್ನು ಹೊಲಿಯುತ್ತಾಳೆ, ಮಿಷನ್ನು ಕಿರ್ರೆಂದು ಅರಚುತ್ತದೆ. “ಒಂದ್ ತೊಟ್ ಎಣ್ಣೆ ಬುಡ್ರತ್ತೆ, ಬೀದೀಗೆಲ್ಲ ಕೇಳ್ತದೆ” ಎಂದು ಯಾರಾದರೂ ಅಂದರೆ, “ಕೇಳ್ಲಿ ಬುಡಿ” ಅನ್ನುತ್ತಾಳೆ.

ನಾನು ನನ್ನ ಮಟ್ಟಿಗೆ ಹುಚ್ಚು ಪ್ರಯೋಗ ಮಾಡಿದೆ. ಮಂಡ್ಯದ ಮನೆಯಲ್ಲಿ ಬೀರುವಿನ ಒಂದು ಬಾಗಿಲಿನ ತಿರುಗಣೆಗೆ ಹರಳೆಣ್ಣೆ, ಇನ್ನೊಂದಕ್ಕೆ ಮಿಷನ್ ಎಣ್ಣೆ ಬಿಟ್ಟೆ. ಎದ್ದಾಗೊಮ್ಮೆ ಮಲಗುವಾಗೊಮ್ಮೆ ತೆಗೆದು ಹಾಕಿ ನೋಡಿದೆ. ವಾರ ಕಳೆದರೂ ಎರಡೂ ಬಾಗಿಲು ಒಂದೇ ಥರ ತೆರೆದವು. ಖುಷಿಯಾಗಿ ಅವ್ವನಿಗೆ ಫೋನ್ ಮಾಡಬೇಕು ಎಂದುಕೊಂಡು ಮಾಡಲಿಲ್ಲ. ಬೀರುವಿನ ಬಾಗಿಲು ಬಂದೂಕಿನ ಕುದುರೆಯಲ್ಲ. ಆಮೇಲೆ ಧೂಳು ಕೂತು ಹರಳೆಣ್ಣೆಯದು ಬಿಗಿಯಾಗತೊಡಗಿತು. ಆಗಲೂ ಫೋನ್ ಮಾಡಲಿಲ್ಲ.

ಹೊಲಿಗೆ ಮಿಷನ್ ರಿಪೇರಿಯವನ ಹತ್ತಿರವೂ ಹೋದೆ. ಯಾಕೆ ಕೇಳುತ್ತಿದ್ದೇನೆ ಎಂದು ಹೇಳಲಿಲ್ಲ.

“ಹರಳೆಣ್ಣೆ ಬಿಟ್ರೆ ಜಾಮ್ ಆಗುತ್ತಾ?”

“ಆಯ್ತದೆ ಮೇಡಂ. ಅಳೇ ಜಿಡ್ಡಿದ್ರೆ ಅದ್ರ ಜೊತೆ ಸೇರಿ ಗೋಂದು.”

“ಎಷ್ಟು ದಿನಕ್ಕೆ?”

“ಕೆಲವು ಬೇಗ ಕಚ್ಕೋತವೆ. ನಮ್ಮಜ್ಜಿ ಮಿಸಿನ್ಗೆ ಬರೀ ಅದ್ನೇ ಬುಡೋರು, ಸಾಯೋಗಂಟ ಓಡ್ತು.”

“ಯಾರು, ಅಜ್ಜಿಯಾ ಮಿಷನ್ನಾ?”

“ಇಬ್ರೂವೆ,” ಎಂದು ನಕ್ಕ. ನಾನೂ ನಕ್ಕೆ. ಹೊರಗೆ ಬಂದು ಬಸ್‌ಸ್ಟ್ಯಾಂಡಿನವರೆಗೆ ನಡೆದದ್ದು ಮಾತ್ರ ನೆನಪಿಲ್ಲ.

ಬಂದೂಕು ಆ ಬೆಳಗ್ಗೆಯೇ ಸ್ಟೇಷನ್ನಿಗೆ ಹೋಗಿತ್ತು. ಲೈಸೆನ್ಸಿನವರು ತೀರಿಕೊಂಡ ಮೇಲೆ ಮನೆಯವರು ಬಂದು, ನಮಗೆ ಬೇಡ ಎಂದು ಸಹಿ ಹಾಕಿಕೊಡಬೇಕಂತೆ. ಮಳವಳ್ಳಿಯಿಂದ ಕರೆ ಬಂದಾಗ ನಾನೊಬ್ಬಳೇ ಹೋಗುತ್ತೇನೆ ಅಂದೆ. ಅವ್ವ ಕೇಳಲಿಲ್ಲ. ಹೊಳಲಿನ ತವರಿಗೆ ಹೋಗುವಾಗ ಉಡುವ ಸೀರೆ ಉಟ್ಟು, ಎಣ್ಣೆ ಕಾಣದ ತಲೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಸ್ಸು ಹತ್ತಿದಳು.

ಮೇಜಿನ ಹಿಂದಿದ್ದ ಪೊಲೀಸು ಚಿಕ್ಕ ವಯಸ್ಸಿನವನು, ಒಳ್ಳೆಯವನು. ಅವ್ವನಿಗೆ ಕುರ್ಚಿ ಕೊಟ್ಟ. ಒಳಗಿನಿಂದ ಬಂದೂಕು ತಂದು, ಇದೇನಾ ನೋಡಿ ಅಂದ. ನಳಿಗೆಯ ಮೇಲೆ ಒಂದು ಬಿಳಿಚಿದ ಕಲೆಯಿದೆ. ಯಾವುದೋ ಆಯುಧಪೂಜೆಯಲ್ಲಿ ಅವ್ವ ಹೆಚ್ಚಿದ ನಿಂಬೆಹಣ್ಣು ಇಟ್ಟು, ರಸ ಇಳಿದು ಆದ ಕಲೆ. ಅದಕ್ಕೆ ಅಣ್ಣ ಒಂದು ವಾರ ಮುನಿಸಿಕೊಂಡಿದ್ದ. ಅವ್ವ ಆ ಕಲೆಯ ಮೇಲೆ ಬೆರಳಿಟ್ಟಳು.

“ಇದೇ ಸ್ವಾಮಿ. ಒಂದ್ ಸಲ ಮೂಸ್ ನೋಡ್ಲಾ?”

“ಏನ್ ಮೂಸ್ತೀರಮ್ಮ ಅದ್ರಲ್ಲಿ?”

“ಯಾವ್ ಎಣ್ಣೆ ಅಂತ. ನನ್ ಮಗ ಆಕಿದ್ದು.”

ಅವನು ಪೆನ್ನು ಕೆಳಗಿಟ್ಟು, ದನಿ ತಗ್ಗಿಸಿ ಕೇಳಿದ: “ಅವತ್ತು ಎಣ್ಣೆ ಹಾಕಿದ್ರಾ?”

ಅವ್ವನಿಗೆ ತಿಳಿಯಲು ಒಂದು ಕ್ಷಣ ಬೇಕಾಯಿತು. “ಅಯ್ಯೋ, ಅದಲ್ಲ ನನ್ನಪ್ಪ. ಅವ್ನು ಅದ್ನ ಮುಟ್ಟೋನಲ್ಲ. ಬಂದೂಕಿನ್ ಎಣ್ಣೆ.”

ಅವನು ನನ್ನ ಕಡೆ ನೋಡಿದ. ನಾನು ತಲೆಯಾಡಿಸಿದೆ. ಬಂದೂಕನ್ನು ಮುರಿದು, ಒಳಗೆ ತೋಟಾ ಇಲ್ಲ ಎಂದು ನೋಡಿ, ಅವ್ವನ ಮುಂದೆ ಹಿಡಿದ. ಅವ್ವ ಎದ್ದು ನಿಂತು, ದೇವರ ಮುಂದೆ ಬಗ್ಗುವ ಹಾಗೆ ಬಗ್ಗಿ, ಕುದುರೆಯ ಹತ್ತಿರ ಮೂಗಿಟ್ಟಳು. ಬಹಳ ಹೊತ್ತು. ಅವಳ ಮೂಗು ಚೆನ್ನಾಗಿದೆ. ಮಜ್ಜಿಗೆ ಹುಳಿಯಾದದ್ದನ್ನು ಬಾಗಿಲಲ್ಲೇ ಹೇಳುತ್ತಾಳೆ.

“ಬಸ್ಸಿನ್ ಗಾಲಿ ವಾಸ್ನೆ ಬತ್ತದೆ,” ಅಂದಳು.

“ಗ್ರೀಸಮ್ಮ. ತುಕ್ಕು ಹಿಡೀದೇ ಇರ್ಲಿ ಅಂತ ಒರೆಸಿ ಪೂರ್ತಿ ಹಚ್ಚಿಸಿದೀವಿ. ಎಷ್ಟ್ ದಿನ ಇಲ್ಲಿರ್ತದೋ ಏನೋ.”

ಮಲಗುವುದಕ್ಕೆ ಹಚ್ಚುವ ಎಣ್ಣೆ. ಅಣ್ಣನೇ ಇದ್ದಿದ್ದರೂ ಅದನ್ನೇ ಮಾಡುತ್ತಿದ್ದ. ಅವ್ವ “ಒಳ್ಳೇದು ಕಣಪ್ಪ” ಅಂದು ಕೂತಳು. ಸಹಿ ಹಾಕಿದಳು. ಬೆರಳಿಗಾದ ಗ್ರೀಸನ್ನು ಸೆರಗಿಗೆ ಒರೆಸಿಕೊಳ್ಳಲಿಲ್ಲ, ಹಾಗೇ ಹಿಡಿದುಕೊಂಡಿದ್ದಳು.

ಮಳವಳ್ಳಿಯಿಂದ ವಾಪಸು ಬರುವಾಗ ಕಿಟಕಿ ಪಕ್ಕ ಅವ್ವ, ಈಚೆಗೆ ನಾನು. ಬಸ್ಸಿನ ತಗಡು ಬಡಿದುಕೊಳ್ಳುತ್ತಿತ್ತು. ಯಾವುದೋ ಊರಿನ ಕೆರೆ ಏರಿಯ ಮೇಲೆ ಅವಳು ನನ್ನ ಕಡೆ ತಿರುಗಿದಳು.

“ನೀನು ನಡುಮನೇಲಿದ್ದೆ. ನಿನ್ಗೆ ಕೇಳ್ತು. ನಿಜ ಏಳು, ಅವ್ನು ಏನಂದ?”

ಇದನ್ನು ಅವಳು ಮೊದಲೂ ಕೇಳಿದ್ದಳು. ನಾನು ಪ್ರತಿಸಲ ಬೇರೆ ಏನೇನೋ ಹೇಳಿ ತಪ್ಪಿಸಿಕೊಂಡಿದ್ದೆ. ತೋಟಾ ನೆನೆದಿತ್ತು, ತುಕ್ಕು ಒಳಗೂ ಇತ್ತು, ಆನೆ ಸದ್ದಿಗೂ ಹೆದರದ್ದು. ಅವಳು ಕೇಳಿದ್ದು ಅದಲ್ಲ. ಈ ಸಲ ಅವನು ಅಂದದ್ದನ್ನು ಅವನು ಅಂದ ಹಾಗೇ ಅನ್ನೋಣ ಎಂದುಕೊಂಡೆ. ಮಂಡ್ಯಕ್ಕೆ ಬಂದ ಮೇಲೆ ಹಕಾರ ಅಭ್ಯಾಸ ಮಾಡಿಕೊಂಡ ನಾಲಗೆಯನ್ನು ಹಿಂದಕ್ಕೆ ತಿರುಗಿಸಿಕೊಂಡೆ. ಒತ್ತು ಹಾಕಬೇಕು, ಹರಳೆಣ್ಣೆಯೇ ಆಗಬೇಕು ಎಂದು ಮನಸ್ಸಿನಲ್ಲಿತ್ತು.

“ಅಳ್ಳೆಣ್ಣೆ ಅಂದ ಕಣವ್ವ.”

ಬಸ್ಸು ಹಳ್ಳಕ್ಕೆ ಇಳಿದು ಹತ್ತಿತು.

“ಊಂ?”

“ಅಳ್ಳೆಣ್ಣೆ ಅಂದ.”

ಅವ್ವ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಆಮೇಲೆ “ಊಂ” ಎಂದು ಕಿಟಕಿಯ ಕಡೆ ತಿರುಗಿದಳು. ಮತ್ತೆ ಆ ವಿಷಯ ಕೇಳಿಲ್ಲ. ತಲೆಗೆ ಎಣ್ಣೆಯನ್ನೂ ಹಚ್ಚಿಲ್ಲ. ಮಿಷನ್ನು ಈಗಲೂ ಅರಚುತ್ತದೆ. ಕಿಟಕಿಯಲ್ಲಿ ಮೂರು ಸೀಸೆಗಳು ಇದ್ದಲ್ಲೇ ಇವೆ. ಹರಳೆಣ್ಣೆಯ ಸೀಸೆಯ ಮೇಲೆ ಕಪ್ಪು ಬೆರಳಿನ ಗುರುತು ಇದೆ. ಅದು ಎಷ್ಟು ಖಾಲಿಯಾಗಿದೆ ಎಂದು ನೋಡಿದೆ. ಮೊದಲು ಎಷ್ಟಿತ್ತು ಎಂದು ಯಾರೂ ನೋಡಿರಲಿಲ್ಲ.

ಅಣ್ಣ ಯಾವ ಎಣ್ಣೆ ಕೇಳಿದ ಎಂದು ನನಗೆ ಗೊತ್ತಿಲ್ಲ. ಕೊಟ್ಟದ್ದನ್ನು ಕುದುರೆಗೆ ಹಾಕಿದನೋ, ನಳಿಗೆಗೆ ಮಾತ್ರ ಹಚ್ಚಿದನೋ, ಅದೂ ಗೊತ್ತಿಲ್ಲ. ಬಂದೂಕು ಯಾಕೆ ಹಾರಲಿಲ್ಲವೋ ಗೊತ್ತಿಲ್ಲ. ಆ ಬಸ್ಸಿನಲ್ಲಿ ಅವ್ವನಿಗೆ ಯಾವ ಪದ ಕೇಳಿಸಿತು ಎಂಬುದೂ ನನಗೆ ಗೊತ್ತಿಲ್ಲ.